ಮೈದಾನ, ಪೆಂಡಾಲು, ರಂಗಮಂದಿರ, ಬಯಲು: ನಮ್ಮ ಮನೆಯ ಒಂದು ವರ್ಷದ ಟಿಕೆಟ್ ಲೆಕ್ಕ

ಮಗಳು ಫೋನ್ ಹಿಡಿದುಕೊಂಡು ಅಡುಗೆಮನೆಗೆ ಬಂದಳು. ಅವಳ ಮೆಚ್ಚಿನ ಹಾಡುಗಾರ ಮೈದಾನದಲ್ಲಿ ಕೊಡುವ ಶೋದ ಟಿಕೆಟ್, ಪರದೆ ಮೇಲೆ 2,499 ಅಂತ ಇತ್ತು. "ಅಮ್ಮಾ, ಇದೇ ಎಲ್ಲಕ್ಕಿಂತ ಕಡಿಮೆ ಟಿಕೆಟ್. ಈಗ ತಗೊಳ್ಳದೇ ಇದ್ದರೆ ಖಾಲಿ ಆಗಿಬಿಡುತ್ತೆ" ಅಂದಳು. ನನ್ನ ಅಮ್ಮ ಕನ್ನಡಕ ಸರಿಮಾಡಿಕೊಂಡು ನೋಡಿದರು. "ಎಲ್ಲರಿಗೂ ಸೇರಿಸಿ ಇಷ್ಟಾ?" ಅಂತ ಕೇಳಿದರು. ಒಬ್ಬರಿಗೆ ಅಂದಾಗ ಅಮ್ಮ ಏನೂ ಹೇಳಲಿಲ್ಲ, ಸೊಪ್ಪು ಬಿಡಿಸುವುದಕ್ಕೆ ಕೂತರು.

ಆವತ್ತೇ ನಾನು ಮನೆಖರ್ಚಿನ ಪುಸ್ತಕದ ಕೊನೇ ಪುಟ ತೆಗೆದು ಗೆರೆ ಹಾಕಿದೆ. ಒಂದು ವರ್ಷ ನಾವು ಹೋಗುವ ಎಲ್ಲ ಸಂಗೀತ ಕಛೇರಿ, ನಾಟಕ, ಯಕ್ಷಗಾನದ ಆಟಗಳ ಖರ್ಚು ಬರೆಯಬೇಕು ಅಂತ. ಬರೀ ಟಿಕೆಟ್ ಅಲ್ಲ. ಹೋಗಿ ಬರುವ ಗಾಡಿ, ತಿಂದದ್ದು, ಕುಡಿದದ್ದು, ಎಷ್ಟು ಹೊತ್ತು ಕಾದೆವು, ಎಷ್ಟು ಹೊತ್ತು ಕೇಳಿದೆವು, ಎಲ್ಲವೂ. ಕೈಯಲ್ಲಿ ದುಡ್ಡು ಜಾಸ್ತಿ ಇಲ್ಲ, ಆದರೆ ಎದುರಿಗೆ ಕೂತು ಕೇಳುವ ಆಸೆ ಬಿಡುವುದಕ್ಕೂ ಆಗಲ್ಲ ಅನ್ನುವ ಮನೆಗಳು ನಮ್ಮ ಹಾಗೇ ತುಂಬ ಇವೆ. ಅವರಿಗೆ ಈ ಲೆಕ್ಕ ಉಪಯೋಗಕ್ಕೆ ಬರಬಹುದು.

ಮೊದಲು ಮೈದಾನದ್ದು ಹೇಳುತ್ತೇನೆ.

ನಾನು, ಮಗಳು ಇಬ್ಬರೇ ಹೋದೆವು. 2,499ರ ಎರಡು ಟಿಕೆಟ್ ಅಂದರೆ 4,998. ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ, ಹತ್ತಿರ ಹತ್ತಿರ 900 ರೂಪಾಯಿ. ಆಮೇಲೆ ಟಿಕೆಟ್ ಮಾರುವ ಆ್ಯಪ್‌ನವರ ಶುಲ್ಕ 400, ಆ ಶುಲ್ಕದ ಮೇಲೂ ಜಿಎಸ್‌ಟಿ 72. ದುಡ್ಡು ಕಟ್ಟುವ ಕೊನೇ ಪುಟಕ್ಕೆ ಬಂದಾಗ 6,370 ಆಗಿತ್ತು. ಮೊದಲು ಕಾಣಿಸಿದ ಅಂಕಿಗೂ ಕೊನೆಗೆ ಕಟ್ಟಿದ ಅಂಕಿಗೂ ಸಾವಿರದ ಮುನ್ನೂರಕ್ಕಿಂತ ಜಾಸ್ತಿ ವ್ಯತ್ಯಾಸ. ಇದು ಗೊತ್ತಿರಲಿ: ಸಂಗೀತ, ನಾಟಕ, ನೃತ್ಯದ ಟಿಕೆಟ್ ಒಬ್ಬರಿಗೆ 500 ರೂಪಾಯಿವರೆಗೆ ಇದ್ದರೆ ಜಿಎಸ್‌ಟಿ ಇಲ್ಲ. 500 ದಾಟಿತು ಅಂದರೆ ಇಡೀ ಮೊತ್ತಕ್ಕೆ ಬೀಳುತ್ತದೆ.

ಮೈದಾನ ಊರ ಹೊರಗೆ. ಹೋಗುವಾಗ ಕ್ಯಾಬ್‌ಗೆ 680. ನಾಲ್ಕು ಗಂಟೆಗೆ ಗೇಟ್ ತೆಗೆಯುತ್ತಾರೆ ಅಂತ ಬರೆದಿದ್ದರು, ನಾವು ಒಳಗೆ ಹೋಗುವಾಗ ಐದೂಮುಕ್ಕಾಲು. ಮನೆಯಿಂದ ತಂದ ನೀರಿನ ಬಾಟಲಿ ಗೇಟಿನಲ್ಲೇ ತೆಗೆದುಕೊಂಡರು. ಒಳಗೆ ಕ್ಯಾಶ್ ನಡೆಯಲ್ಲ. ಕೈಗೆ ಕಟ್ಟಿದ ಪಟ್ಟಿಗೆ ಐನೂರರ ಲೆಕ್ಕದಲ್ಲಿ ದುಡ್ಡು ತುಂಬಿಸಬೇಕು. ಸಾವಿರ ತುಂಬಿಸಿದೆ. ಎರಡು ಪ್ಲೇಟ್ ಊಟ 700, ಮೂರು ಬಾಟಲಿ ನೀರು 180. ಉಳಿದ 120 ರೂಪಾಯಿ ವಾಪಸ್ ಬರಲೇ ಇಲ್ಲ. ಮೇಲ್ ಬರೆದೆ, ಉತ್ತರ ಇಲ್ಲ. 120 ದೊಡ್ಡ ಮೊತ್ತ ಅಲ್ಲ. ಆದರೆ ಆವತ್ತು ಅಲ್ಲಿ ಸಾವಿರಾರು ಜನ ಇದ್ದರು, ಎಲ್ಲರ ಕೈಯಲ್ಲೂ ಅದೇ ಪಟ್ಟಿ ಇತ್ತು. ನನಗೆ ಸಿಟ್ಟು ಬಂದದ್ದು ಅದಕ್ಕೆ.

ನಮ್ಮ ಟಿಕೆಟ್ ನಿಂತು ನೋಡುವ ಜಾಗದ್ದು. ನಾನು ಒಳಗೆ ಹೋದ ಕೂಡಲೇ ವೇದಿಕೆ ನೋಡಲಿಲ್ಲ, ಹೊರಗೆ ಹೋಗುವ ದಾರಿ ಎಲ್ಲಿದೆ ಅಂತ ನೋಡಿದೆ. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹತ್ತಿರ ಕಾಲ್ತುಳಿತಕ್ಕೆ ಸಿಕ್ಕಿ 11 ಜನ ಸತ್ತರಲ್ಲ, ಆಮೇಲೆ ಬೆಂಗಳೂರಿನ ಯಾವ ತಾಯಿಯೂ ಮಗಳ ಕೈ ಹಿಡಿದುಕೊಂಡು ಹಾಗೇ ಗುಂಪಿಗೆ ನುಗ್ಗಲ್ಲ. ಮಧ್ಯಕ್ಕೆ ಹೋಗೋಣ ಅಂತ ಮಗಳು ಎಳೆದಳು. ನಾನು ಬೇಲಿ ಪಕ್ಕದ ಜಾಗ ಬಿಡಲಿಲ್ಲ.

ಹಾಡುಗಾರ ಬಂದದ್ದು ಎಂಟಕ್ಕೆ. ವೇದಿಕೆ ಮೇಲೆ ಆತ ಹೆಬ್ಬೆರಳಿನಷ್ಟು ಕಾಣುತ್ತಿದ್ದ. ಕಂಡದ್ದೆಲ್ಲ ದೊಡ್ಡ ಪರದೆಯಲ್ಲೇ. ಆದರೆ ಒಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ನನ್ನ ಮಗಳು ಪಿಯುಸಿ ಪರೀಕ್ಷೆಯ ರಾತ್ರಿಗಳಲ್ಲಿ ಕಿವಿಗೆ ಹಾಕಿಕೊಂಡು ಕೇಳುತ್ತಿದ್ದ ಒಂದು ಹಾಡು ಇದೆ. ಅದು ಶುರುವಾದಾಗ ಆತ ಹಾಡುವುದನ್ನು ನಿಲ್ಲಿಸಿ ಮೈಕ್ ಜನರ ಕಡೆ ಹಿಡಿದ. ಇಡೀ ಮೈದಾನ ಹಾಡಿತು. ಇವಳೂ ಹಾಡಿದಳು, ಕಣ್ಣಲ್ಲಿ ನೀರು ಸುರಿಯುತ್ತಿತ್ತು. ನನಗೆ ಆ ಹಾಡಿನ ಒಂದು ಸಾಲೂ ಬರಲ್ಲ, ಆದರೂ ಎದೆ ತುಂಬಿ ಬಂತು. ಅಷ್ಟು ಜನ ಒಟ್ಟಿಗೆ ಒಂದೇ ಹಾಡು ಹಾಡುವುದನ್ನು ನಾನು ಬೇರೆ ಎಲ್ಲೂ ಕೇಳಿಲ್ಲ.

ಹತ್ತಕ್ಕೆ ಹತ್ತು ನಿಮಿಷ ಇರುವಾಗ ಮುಗಿಯಿತು. ಕ್ಯಾಬ್ ಸಿಗುವುದಕ್ಕೆ ಒಂದೂವರೆ ಗಂಟೆ. ಬಾಡಿಗೆ 1,140. ಮನೆ ಸೇರಿದಾಗ ಹನ್ನೆರಡೂವರೆ. ಒಟ್ಟು 9,190, ಅಂದರೆ ತಲೆಗೆ 4,595. ಕೇಳಿದ್ದು 110 ನಿಮಿಷ. ನಿಮಿಷಕ್ಕೆ ಸುಮಾರು 42 ರೂಪಾಯಿ. ಇದು ದೊಡ್ಡ ಶೋಗಳಲ್ಲಿ ತೀರಾ ದುಬಾರಿಯದ್ದೂ ಅಲ್ಲ. 2025ರ ಜನವರಿಯಲ್ಲಿ ನವಿ ಮುಂಬೈನ ಡಿ.ವೈ. ಪಾಟೀಲ್ ಕ್ರೀಡಾಂಗಣದಲ್ಲಿ ಕೋಲ್ಡ್‌ಪ್ಲೇ ಶೋ ಆದಾಗ ಟಿಕೆಟ್ 2,500ರಿಂದ 35,000ದವರೆಗೆ ಇತ್ತು. ಬೇರೆ ಊರಿನವರಿಗೆ ರೈಲು, ರೂಮು ಎಲ್ಲ ಅದರ ಮೇಲೆ.

ಈಗ ಚಾಮರಾಜಪೇಟೆಗೆ ಬನ್ನಿ.

ಕೋಟೆ ಹೈಸ್ಕೂಲ್ ಮೈದಾನದ ಪೆಂಡಾಲಿನಲ್ಲಿ ನಡೆಯುವ ರಾಮನವಮಿ ಸಂಗೀತ ಕಛೇರಿಗಳು 1939ರಲ್ಲಿ ಎಸ್.ವಿ. ನಾರಾಯಣಸ್ವಾಮಿ ರಾವ್ ಶುರು ಮಾಡಿದ ಶ್ರೀ ರಾಮಸೇವಾ ಮಂಡಳಿಯದ್ದು. ಎಂ.ಎಸ್. ಸುಬ್ಬುಲಕ್ಷ್ಮಿ ಹಾಡಿದ ವೇದಿಕೆ ಅದು. ನಮ್ಮ ತಾತ ಟಿಕೆಟ್‌ಗೆ ದುಡ್ಡಿಲ್ಲದ ದಿನ ಬೇಲಿಯ ಆಚೆ ರಸ್ತೆಯಲ್ಲಿ ಟವೆಲ್ ಹಾಸಿಕೊಂಡು ಕೇಳುತ್ತಿದ್ದರಂತೆ. ಅಮ್ಮ ಹೇಳುತ್ತಾರೆ, "ನಿಮ್ಮ ತಾತ ನನ್ನನ್ನ ಹೆಗಲ ಮೇಲೆ ಕೂರಿಸಿಕೊಳ್ತಿದ್ರು ಕಣೇ. ನಂಗೆ ಏನೂ ಕಾಣ್ತಿರ್ಲಿಲ್ಲ, ಪಿಟೀಲು ಮಾತ್ರ ಚೆನ್ನಾಗಿ ಕೇಳ್ತಿತ್ತು."

ನಾನು ಅಮ್ಮನನ್ನು ಕರೆದುಕೊಂಡು ಹೋದೆ. ಟಿಕೆಟ್ ಇಬ್ಬರದೂ ಸೇರಿ ಸಾವಿರದ ಒಳಗೆ, ಹಾಗಾಗಿ ಜಿಎಸ್‌ಟಿ ಮಾತೇ ಇಲ್ಲ. ಹೋಗುವಾಗ ಬಿಎಂಟಿಸಿ ಬಸ್. ಶಕ್ತಿ ಯೋಜನೆ ಬಂದ ಮೇಲೆ ನಮ್ಮಿಬ್ಬರಿಗೂ ಬಸ್ಸಿನ ಖರ್ಚಿಲ್ಲ. ಬರುವಾಗ ರಾತ್ರಿ ಆಗಿತ್ತು, ಅಮ್ಮನಿಗೆ ಮಂಡಿನೋವು, ಆಟೋ ಮಾಡಿದೆ, 180. ಮಧ್ಯೆ ಕಾಫಿ. ಎಲ್ಲ ಸೇರಿ 1,200 ಮುಟ್ಟಲಿಲ್ಲ. ಮೂರು ಗಂಟೆ ಕೇಳಿದೆವು. ನಿಮಿಷಕ್ಕೆ ಮೂರು ರೂಪಾಯಿ ಚಿಲ್ಲರೆ.

ಸಿಕ್ಕಿದ್ದನ್ನು ಮಾತ್ರ ರೂಪಾಯಿಯಲ್ಲಿ ಹೇಳುವುದು ಕಷ್ಟ. ಹಾಡುವವರ ಮುಖ ಕಾಣುತ್ತದೆ. ಕಲ್ಯಾಣಿ ರಾಗದ ಆಲಾಪನೆಯಲ್ಲಿ ಮೇಲಿನ ಷಡ್ಜಕ್ಕೆ ಹೋಗುವ ಮೊದಲು ಅವರು ಒಂದು ಕ್ಷಣ ಪಿಟೀಲಿನವರ ಕಡೆ ನೋಡಿದರು. ಪಿಟೀಲಿನವರು ನಕ್ಕರು. ಆಮೇಲೆ ಆ ಸ್ವರ ಬಂತು. ನನ್ನ ಪಕ್ಕದಲ್ಲಿ ಅಮ್ಮ ತೊಡೆ ಮೇಲೆ ತಾಳ ಹಾಕುತ್ತಿದ್ದರು, ಕೈ ನಿಂತುಬಿಟ್ಟಿತು. ತನಿ ಆವರ್ತನ, ಅಂದರೆ ತಾಳವಾದ್ಯದವರು ಮಾತ್ರ ನುಡಿಸುವ ಭಾಗ, ಶುರುವಾದ ಕೂಡಲೇ ಅರ್ಧ ಜನ ಕಾಫಿಗೆ ಏಳುತ್ತಾರೆ, ಅದು ನನಗೆ ಯಾವಾಗಲೂ ಬೇಜಾರು. ಮೃದಂಗ, ಘಟದವರು ಇಡೀ ಸಂಜೆ ಆ ಹದಿನೈದು ನಿಮಿಷಕ್ಕೆ ಕಾದಿರುತ್ತಾರೆ. ದಯವಿಟ್ಟು ಎದ್ದು ಹೋಗಬೇಡಿ.

ಇನ್ನೊಂದು ದಿನ ಮಗಳನ್ನೂ ಕರೆದುಕೊಂಡು ಹೋದೆ. ಮೊದಲ ಒಂದು ಗಂಟೆ ಅವಳಿಗೆ ಬೇಸರ ಆಯಿತು, ಮುಚ್ಚಿಡುವುದು ಬೇಡ. ತನಿಯಲ್ಲಿ ನೆಟ್ಟಗೆ ಕೂತಳು. ಅವಳಿಗೆ ಹಿಡಿಸಿದ್ದು ಅದೊಂದೇ.

ಸೀಸನ್ ಪಾಸ್ ತಗೊಳ್ಳುವವರಿಗೆ ಒಂದು ಕಿವಿಮಾತು. ಪಾಸಿನ ಬೆಲೆಯನ್ನು ಒಟ್ಟು ಕಛೇರಿಗಳಿಂದ ಭಾಗಿಸಬೇಡಿ. ನೀವು ನಿಜವಾಗಿ ಹೋಗುವ ದಿನಗಳಿಂದ ಭಾಗಿಸಿ. ಆಫೀಸು, ಮಳೆ, ನೆಂಟರು ಎಲ್ಲ ಕಳೆದು ನನಗೆ ಸಿಗುವುದು ಐದಾರು ಸಂಜೆ ಅಷ್ಟೇ. ಹಾಗಾಗಿ ನಾನು ದಿನದ ಟಿಕೆಟ್ ತಗೊಳ್ಳುತ್ತೇನೆ. ನಿವೃತ್ತಿ ಆದವರಿಗೆ, ಹತ್ತಿರದಲ್ಲೇ ಮನೆ ಇರುವವರಿಗೆ ಪಾಸ್ ವಾಸಿ. ಅದೂ ಬೇಡ ಅಂದರೆ ಬೆಂಗಳೂರಿನ ಬಡಾವಣೆಗಳಲ್ಲಿ ಆ ತಿಂಗಳು ಎಷ್ಟೋ ಕಡೆ ರಾಮೋತ್ಸವ ನಡೆಯುತ್ತದೆ, ಪುಕ್ಕಟೆ. ಪಾನಕ, ಕೋಸಂಬರಿ ಕೈಗೆ ಕೊಟ್ಟು ಕೂರಿಸುತ್ತಾರೆ. ಮೈಕ್ ಒಂದೊಂದು ಕಡೆ ಕಿರುಚುತ್ತದೆ, ನಾಳೆ ಹೆಸರು ಮಾಡುವ ಹುಡುಗ ಹುಡುಗಿಯರು ಹಾಡುವುದೂ ಅಲ್ಲೇ.

ಮೂರನೆಯದು ಜೆ.ಪಿ. ನಗರದ ರಂಗಶಂಕರ. ಶಂಕರ್‌ನಾಗ್ ನೆನಪಿಗೆ ಅರುಂಧತಿ ನಾಗ್ ಕಟ್ಟಿಸಿದ ರಂಗಮಂದಿರ, 2004ರಲ್ಲಿ ಶುರುವಾಯಿತು. ಲೆಕ್ಕ ಬರೆದ ವರ್ಷ ನಾವು ಅಲ್ಲಿ ನೋಡಿದ ಕನ್ನಡ ನಾಟಕಗಳಿಗೆ ತಲೆಗೆ 200, 300 ಕೊಟ್ಟಿದ್ದೇವೆ. ಮೂವರೂ ಹೋಗಬಹುದು, ಕೆಳಗಿನ ಕೆಫೆಯಲ್ಲಿ ತಿಂಡಿ ತಿನ್ನಬಹುದು, ಆದರೂ ಮೈದಾನದ ಒಂದು ಟಿಕೆಟ್ಟಿನ ದುಡ್ಡು ಖರ್ಚಾಗಲ್ಲ. ಚಿಕ್ಕ ಜಾಗ, ವೇದಿಕೆ ಸುತ್ತ ಸೀಟು. ಎಲ್ಲಿ ಕೂತರೂ ನಟರ ಉಸಿರು ಕೇಳುತ್ತದೆ. ಒಂದೇ ಎಚ್ಚರಿಕೆ: ತಡವಾಗಿ ಬಂದವರನ್ನು ಒಳಗೆ ಬಿಡಲ್ಲ. ಒಂದು ಸಂಜೆ ಬನಶಂಕರಿಯ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡು ನಾಲ್ಕು ನಿಮಿಷ ತಡವಾಗಿ ಹೋದೆವು, ಬಾಗಿಲು ಹಾಕಿತ್ತು. ಟಿಕೆಟ್ ದುಡ್ಡು ಹೋಯಿತು. ಆದರೂ ಆ ನಿಯಮ ಸರಿ. ಒಳಗೆ ಕೂತವರಿಗೂ, ಆಡುವವರಿಗೂ ಅದು ಮರ್ಯಾದೆ. ನಾಟಕದ ಮಧ್ಯೆ ಮೊಬೈಲ್ ಬೆಳಕಿಲ್ಲದ ಕತ್ತಲೆಯಲ್ಲಿ ಒಂದೂವರೆ ಗಂಟೆ ಕೂರುವುದು ಈಗ ಬೇರೆಲ್ಲಿ ಸಿಗುತ್ತದೆ?

ಇನ್ನು ಬಯಲು. ನನ್ನ ಯಜಮಾನರ ಊರು ಕುಂದಾಪುರದ ಕಡೆ. ಜನವರಿಯಲ್ಲಿ ಅಲ್ಲಿಗೆ ಹೋಗಿದ್ದಾಗ ಪಕ್ಕದ ಮನೆಯವರು ಹರಕೆ ತೀರಿಸುವುದಕ್ಕೆ ಆಡಿಸಿದ ಯಕ್ಷಗಾನದ ಆಟ ಇತ್ತು, ಮಂದಾರ್ತಿ ದೇವಸ್ಥಾನದ ಮೇಳದ್ದು. ಗದ್ದೆಯಲ್ಲಿ ರಂಗಸ್ಥಳ, ಎದುರಿಗೆ ಕುರ್ಚಿ. ನಾನು ಅಭ್ಯಾಸಬಲದಿಂದ ಟಿಕೆಟ್ ಎಷ್ಟು ಅಂತ ಕೇಳಿಬಿಟ್ಟೆ. ಮಾವ ಅಂದರು, "ಟಿಕೆಟ್ ಎಂತಕೆ ಮಗಾ? ಬಾ, ಕೂಕೋ." ಊಟವನ್ನೂ ಅವರೇ ಹಾಕಿದರು. ಚಂಡೆ ಬಿದ್ದ ಮೇಲೆ ಚಳಿ ಗೊತ್ತಾಗಲಿಲ್ಲ. ಮಹಿಷಾಸುರ ಜನರ ಮಧ್ಯದಿಂದ ಕೂಗಿಕೊಂಡು ಬಂದಾಗ ಮಗಳು ನನ್ನ ತೋಳು ಹಿಡಿದುಕೊಂಡಳು. ಮೈದಾನದಲ್ಲಿ ಹೆಬ್ಬೆರಳಿನಷ್ಟು ಕಂಡವನನ್ನು ನೋಡಿ ಬಂದವಳ ಪಕ್ಕದಲ್ಲೇ ಇಲ್ಲಿ ವೇಷ ಹಾದುಹೋಯಿತು.

ಪುಕ್ಕಟೆ ಅಂದರೆ ಯಾರೂ ದುಡ್ಡು ಕೊಟ್ಟಿಲ್ಲ ಅಂತ ಅಲ್ಲ. ಆಟ ಆಡಿಸುವ ಮನೆಯವರು ಇಡೀ ಆಟದ ಖರ್ಚು ಹೊರುತ್ತಾರೆ. ಮಂದಾರ್ತಿ, ಕಟೀಲು ಮೇಳಗಳ ಆಟಕ್ಕೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯುತ್ತಾರೆ. ಅವರು ತಮ್ಮ ಹರಕೆ ತೀರಿಸಿಕೊಳ್ಳುವಾಗ ಊರಿಗೆಲ್ಲ ಆಟ ಸಿಗುತ್ತದೆ. ಇದನ್ನು ತಿಳಿದುಕೊಂಡು ಕೂರಬೇಕು. ಆದರೆ ಬೆಂಗಳೂರಿನಿಂದ ಆಟ ನೋಡುವುದಕ್ಕೆಂದೇ ಹೋಗುತ್ತೇನೆ ಅಂದರೆ ಶಕ್ತಿ ಯೋಜನೆ ನಡೆಯದ ಸ್ಲೀಪರ್ ಬಸ್ಸಿನ ಚಾರ್ಜೇ ಸಾವಿರಾರು ಆಗುತ್ತದೆ. ಊರಿಗೆ ಹೋಗುವುದು ಇದ್ದೇ ಇದ್ದರೆ ಮಾತ್ರ ಇದು ಅಗ್ಗ. ಮಳೆಗಾಲದಲ್ಲಿ ಮೇಳದ ಕಲಾವಿದರು ಇಲ್ಲಿನ ರವೀಂದ್ರ ಕಲಾಕ್ಷೇತ್ರಕ್ಕೇ ಬಂದು ಆಡುತ್ತಾರೆ, ಟಿಕೆಟ್ ಇಟ್ಟು. ನೋಡಿದೆ, ಚೆನ್ನಾಗಿತ್ತು. ಆದರೆ ಹಾಲಿನಲ್ಲಿ ಮಹಿಷಾಸುರ ಬಾಗಿಲಿನಿಂದ ಬರುತ್ತಾನೆ, ಗದ್ದೆಯಿಂದ ಅಲ್ಲ.

ಮೈಸೂರು ದಸರಾದ ಅರಮನೆ ಎದುರಿನ ಕಛೇರಿಯೂ ಪುಕ್ಕಟೆಯೇ. ಆ ದೀಪಗಳ ಕೆಳಗೆ ಕೊಳಲು ಕೇಳುವುದು ಸೊಗಸು. ಜನ ಮಾತಾಡುತ್ತಾ, ಓಡಾಡುತ್ತಾ ಇರುತ್ತಾರೆ, ರಾಗದ ಒಳಗೆ ಹೋಗುವುದಕ್ಕೆ ಆಗಲ್ಲ. ಒಮ್ಮೆ ನೋಡಬೇಕು, ಅಷ್ಟೇ.

ವರ್ಷದ ಕೊನೆಗೆ ಆ ಪುಟ ಮೂವರೂ ಒಟ್ಟಿಗೆ ಕೂತು ನೋಡಿದೆವು. ಮೈದಾನದ ಒಂದು ರಾತ್ರಿಯ 9,190 ಒಂದು ಕಡೆ. ಉಳಿದ ಎಲ್ಲ ಸಂಜೆಗಳು, ಹನ್ನೊಂದು ಸಲ ಹೋಗಿದ್ದೆವು, ಇನ್ನೊಂದು ಕಡೆ. ಊರಿಗೆ ಹೋದ ಬಸ್ ಚಾರ್ಜ್ ಬಿಟ್ಟರೆ ಆ ಹನ್ನೊಂದೂ ಸೇರಿ ಇದಕ್ಕಿಂತ ಕಡಿಮೆಯೇ ಆಗಿತ್ತು. ಮಗಳು ತುಂಬ ಹೊತ್ತು ಅಂಕಿ ನೋಡಿದಳು. "ಆದ್ರೂ ಅಮ್ಮಾ, ಆ ಹಾಡು..." ಅಂದಳು. ಅವಳ ಮಾತೂ ನಿಜ. ಆ ಹಾಡು ಪೆಂಡಾಲಿನಲ್ಲಿ ಸಿಗುವುದಿಲ್ಲ.

ನನ್ನ ಆಯ್ಕೆ ಕೇಳಿದರೆ ಪೆಂಡಾಲು. ಒಂದು ಸಂಜೆಗೆ ಕೊಟ್ಟ ದುಡ್ಡಿಗೆ ಅಷ್ಟು ಹತ್ತಿರ, ಅಷ್ಟು ಹೊತ್ತು, ಅಷ್ಟು ಒಳ್ಳೆಯ ಸಂಗೀತ ನನಗೆ ಬೇರೆಲ್ಲೂ ಸಿಕ್ಕಿಲ್ಲ. ತಿಂಗಳಿಗೊಂದು ನಾಟಕವೂ ಇರಲಿ, ಅದು ನಮ್ಮ ಕೈಗೆ ಎಟುಕುತ್ತದೆ. ಮೈದಾನ ಬೇಡ ಅನ್ನಲ್ಲ. ಎರಡು ವರ್ಷಕ್ಕೆ ಒಮ್ಮೆ, ಮಗಳು ಹಾಡಿನ ಪ್ರತಿ ಸಾಲನ್ನೂ ಬಲ್ಲ ಹಾಡುಗಾರ ಬಂದರೆ ಮಾತ್ರ. ಆಗಲೂ ಟಿಕೆಟ್ ಬೆಲೆಯ ಜೊತೆಗೆ ಅದರ ಮುಕ್ಕಾಲಿಗಿಂತ ಸ್ವಲ್ಪ ಜಾಸ್ತಿಯೇ ಮೇಲುಖರ್ಚು ಸೇರಿಸಿ ಬಜೆಟ್ ಇಡಿ. ನಮಗೆ 2,499 ಅಂದದ್ದು 4,595 ಆಯಿತಲ್ಲ. ಗೆಳತಿಯರು ನಾಲ್ಕು ಜನ ಒಂದೇ ಕ್ಯಾಬ್‌ನಲ್ಲಿ ಹೋದರೆ ಸ್ವಲ್ಪ ಉಳಿಯುತ್ತದೆ. ಕೈಪಟ್ಟಿಗೆ ಒಂದೇ ಸಲ ಸಾವಿರ ತುಂಬಬೇಡಿ.

ಯುಗಾದಿ ಹತ್ತಿರ ಬರುತ್ತಿದೆ. ಕೋಟೆ ಹೈಸ್ಕೂಲಿನ ಈ ಸಲದ ಪಟ್ಟಿ ಬಂತಾ ಅಂತ ಅಮ್ಮ ನಿನ್ನೆಯಿಂದ ಎರಡು ಸಲ ಕೇಳಿದರು. ಅವರ ಮಂಡಿಗೆ ಓಡಾಡುವ ದಾರಿ ಪಕ್ಕದ ಸೀಟೇ ಬೇಕು, ಅದಕ್ಕೆ ಬೇಗ ಹೋಗಬೇಕು. ಮಗಳು ತಾನೂ ಒಂದು ದಿನ ಬರುತ್ತಾಳಂತೆ. ಘಟ ಇರುವ ದಿನ ಯಾವುದು ಅಂತ ನೋಡಿ ಹೇಳು ಅಂದಿದ್ದಾಳೆ.