ಐಬಿಎಂ ಕ್ವಾಂಟಂ ಓಪನ್ ಪ್ಲಾನ್: ಪುಕ್ಕಟೆ ಹತ್ತು ನಿಮಿಷದಲ್ಲಿ ಏನೇನು ಆಗುತ್ತದೆ

ಐಬಿಎಂನ ಕ್ವಾಂಟಂ ಕಂಪ್ಯೂಟರನ್ನು ಅಂತರ್ಜಾಲದ ಮೂಲಕ ಪುಕ್ಕಟೆ ಬಳಸಲು ಕೊಡುವ ಓಪನ್ ಪ್ಲಾನ್‌ನಲ್ಲಿ 28 ದಿನಕ್ಕೆ 10 ನಿಮಿಷ ಯಂತ್ರ ಸಿಗುತ್ತದೆ, ನೂರಕ್ಕೂ ಹೆಚ್ಚು ಕ್ಯೂಬಿಟ್‌ಗಳ (ಕ್ವಾಂಟಂ ಬಿಟ್‌ಗಳ) ನಿಜವಾದ ಚಿಪ್. ಕ್ಯೂನಲ್ಲಿ ಕಾಯುವ ಹೊತ್ತು ಇದರಲ್ಲಿ ಸೇರುವುದಿಲ್ಲ. 4096 ಶಾಟ್‌ಗಳ, ಎಂದರೆ ಅಷ್ಟು ಸಲ ಓಡಿಸುವ, ಸಣ್ಣ ಸರ್ಕ್ಯೂಟ್ (ಗೇಟ್ ಎಂಬ ಕ್ರಿಯೆಗಳ ಸರಣಿ) ಕೆಲವೇ ಸೆಕೆಂಡಿನಲ್ಲಿ ಮುಗಿಯುವುದರಿಂದ ಕಲಿಯುವವರಿಗೆ ಇಷ್ಟು ಧಾರಾಳ ಸಾಕು.

2016ರ ಮೇನಲ್ಲಿ ಬರೀ 5 ಕ್ಯೂಬಿಟ್‌ಗಳಿಂದ ಶುರುವಾದ ಈ ಸೇವೆಯನ್ನು ಬೆಳೆಸಿದವರಲ್ಲಿ ಮುಖ್ಯರು ಜೇ ಗ್ಯಾಂಬೆಟ್ಟಾ. ಗ್ರಿಫಿತ್ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ, ಆಮೇಲೆ ಯೇಲ್, ವಾಟರ್‌ಲೂ, 2011ರಲ್ಲಿ ಐಬಿಎಂ. ಮೂಲತಃ ಕಾಗದ-ಪೆನ್ನಿನ ಸಿದ್ಧಾಂತಿ. ಅವರು ಸಹಲೇಖಕರಾಗಿದ್ದ ಪ್ರಬಂಧಗಳು ಈ ಸೇವೆಯ ಒಳಗೇ ಕೆಲಸ ಮಾಡುತ್ತಿವೆ.

ಚಿಪ್‌ನಿಂದಲೇ ಶುರುಮಾಡೋಣ. ಇದರಲ್ಲಿರುವುದು ಟ್ರಾನ್ಸ್‌ಮಾನ್ ಎಂಬ ಅತಿವಾಹಕ ಕ್ಯೂಬಿಟ್, ಗ್ಯಾಂಬೆಟ್ಟಾ ಇದ್ದ ಯೇಲ್ ತಂಡ 2007ರಲ್ಲಿ ಪ್ರಕಟಿಸಿದ ವಿನ್ಯಾಸ. ಚಾರ್ಜಿಂಗ್ ಶಕ್ತಿಗೆ (ಆವೇಶ ಸೇರಿಸಲು ಬೇಕಾದದ್ದು) ಹೋಲಿಸಿ ಜೋಸೆಫ್‌ಸನ್ ಶಕ್ತಿಯನ್ನು (ಅತಿವಾಹಕಗಳ ನಡುವಿನ ತೆಳು ತಡೆಯನ್ನು ಆವೇಶ ದಾಟುವುದಕ್ಕೆ ಸಂಬಂಧಿಸಿದ್ದು) ಹತ್ತಾರು ಪಟ್ಟು ಏರಿಸಿದರೆ ವಿದ್ಯುದಾವೇಶದ ಗದ್ದಲದ ಕಾಟ ಘಾತೀಯವಾಗಿ ಇಳಿಯುತ್ತದೆ. ಆದರೆ ಶಕ್ತಿಮಟ್ಟಗಳ ನಡುವಿನ ಅಂತರಗಳು ಬಹುತೇಕ ಸಮನಾಗಿ, 0-1ರ ನಡುವೆ ಕೊಟ್ಟ ಚುರುಕು ಮೈಕ್ರೋವೇವ್ ಪಲ್ಸ್ 2ನೇ ಮಟ್ಟಕ್ಕೂ ಸೋರುತ್ತದೆ. ಈ ಸೋರಿಕೆಗೆ 2009ರಲ್ಲಿ ಗ್ಯಾಂಬೆಟ್ಟಾ ಮತ್ತಿತರರ ಪ್ರಬಂಧದಲ್ಲಿ ಬಂದ ಮದ್ದು ಡ್ರ್ಯಾಗ್: ಪಲ್ಸ್‌ನ ಆಕಾರದ ಅವಕಲನವನ್ನು 90 ಡಿಗ್ರಿ ಹಂತಾಂತರದ ಇನ್ನೊಂದು ಘಟಕವಾಗಿ ಸೇರಿಸುವುದು. ಎರಡು ವರ್ಷದ ಹಿಂದಿನ ಸಾಲವನ್ನು ತೀರಿಸಿದ ಹಾಗೆ.

ಇನ್ನು ಬಳಕೆ. ಅಂತರ್ಜಾಲದಲ್ಲಿರುವ ಹಳೆಯ ಪಾಠಗಳನ್ನು ನಂಬಬೇಡಿ. ಸರ್ಕ್ಯೂಟ್ ಬರೆಯುವ ಐಬಿಎಂನ ಪೈಥಾನ್ ಸಾಫ್ಟ್‌ವೇರ್ ಕ್ವಿಸ್ಕಿಟ್. ಅದರ 2024ರ 1.0 ಆವೃತ್ತಿಯಲ್ಲಿ ಆ ಪಾಠಗಳು ಬಳಸುವ ‘ಎಕ್ಸಿಕ್ಯೂಟ್’ ಎಂಬ ಫಂಕ್ಷನ್ನೇ ಇಲ್ಲ. ಹಳೆಯ ಪೈಥಾನ್ ಎನ್ವಿರಾನ್‌ಮೆಂಟ್‌ನಲ್ಲೇ ಅಪ್‌ಗ್ರೇಡ್ ಮಾಡಿದರೆ ಎರಡು ಆವೃತ್ತಿಗಳು ಕಲಸಿಹೋಗುತ್ತವೆ, ಹೊಸದನ್ನೇ ಮಾಡಿಕೊಳ್ಳಿ. ಬರೆದ ಸರ್ಕ್ಯೂಟನ್ನು ಹಾಗೇ ಕಳಿಸಿದರೆ ‘ಎಚ್ ಗೇಟ್ ಈ ಯಂತ್ರಕ್ಕೆ ಗೊತ್ತಿಲ್ಲ’ ಎಂಬರ್ಥದ ದೋಷ ಬರುತ್ತದೆ. ಐಬಿಎಂನ ಹೆರಾನ್ ಚಿಪ್‌ಗೆ ಸಿಜೆಡ್, ಎಸ್‌ಎಕ್ಸ್, ಆರ್‌ಜೆಡ್, ಎಕ್ಸ್ ಇಂಥ ಗೇಟುಗಳೇ ಬೇಕು. ಹಾಗಾಗಿ ಮೊದಲು ಟ್ರಾನ್ಸ್‌ಪೈಲ್ (ಸರ್ಕ್ಯೂಟನ್ನು ಚಿಪ್‌ನ ಗೇಟುಗಳಿಗೆ ಅನುವಾದಿಸುವುದು), ಆಪ್ಟಿಮೈಸೇಶನ್ ಲೆವೆಲ್ 3ರಲ್ಲಿ. ಕ್ಯೂಬಿಟ್‌ಗೆ ಇಲ್ಲಿ ಹೆಚ್ಚೆಂದರೆ ಮೂರು ನೆರೆಯವರು. ದೂರದವುಗಳನ್ನು ಬೆಸೆಯಲು ಸ್ವಾಪ್ (ಎರಡು ಕ್ಯೂಬಿಟ್‌ಗಳ ಸ್ಥಿತಿಯ ಅದಲುಬದಲು) ಹಾಕಬೇಕು, ಒಂದು ಸ್ವಾಪ್ ಎಂದರೆ ಮೂರು ಸಿನಾಟ್ ಗೇಟು, ಅಷ್ಟೂ ಕಡೆ ತಪ್ಪು ನುಸುಳಬಹುದು. ಓಡಿಸುವ ಮೊದಲು ಎರಡು ಕ್ಯೂಬಿಟ್‌ಗಳ ಗೇಟುಗಳನ್ನು ಎಣಿಸಿ ನೋಡಿದರೆ ಫಲಿತಾಂಶ ಹೇಗಿರುತ್ತದೆಂಬ ಅಂದಾಜು ಅಲ್ಲೇ ಸಿಗುತ್ತದೆ.

ಅಳೆಯಬೇಕಾದ ರಾಶಿಯ ಸರಾಸರಿ ಮೌಲ್ಯವನ್ನು ಕೊಡುವ ಎಸ್ಟಿಮೇಟರ್ ಬಳಸುವವರು ಎಡವುವ ಜಾಗ ಬೇರೆ. ಟ್ರಾನ್ಸ್‌ಪೈಲ್ ಆದಮೇಲೆ ನಿಮ್ಮ 0ನೇ ಕ್ಯೂಬಿಟ್ ಚಿಪ್‌ನ ಯಾವುದೋ ಮೂಲೆಯಲ್ಲಿರುತ್ತದೆ. ಅಳೆಯುವ ಆಪರೇಟರ್‌ಗೂ ಅದೇ ಲೇಔಟ್ ಹಚ್ಚಬೇಕು. ಅಳತೆಯ ಬಿಟ್‌ಗಳನ್ನೇ ಕೊಡುವ ಸ್ಯಾಂಪ್ಲರ್‌ನಲ್ಲಿ ಅವು ಬಲದಿಂದ ಎಡಕ್ಕೆ: ಮೂರರಲ್ಲಿ 0ನೆಯದನ್ನು ಮಾತ್ರ ತಿರುಗಿಸಿದರೆ ತೋರುವುದು 001, ಖಂಡಿತ 100 ಅಲ್ಲ.

ಎಸ್ಟಿಮೇಟರ್‌ನಲ್ಲಿ ತಪ್ಪು ತಗ್ಗಿಸುವ ಆಯ್ಕೆ ರೆಸಿಲಿಯನ್ಸ್. ಅದರ ಲೆವೆಲ್ 1ರಲ್ಲಿ ಓದುವ ತಪ್ಪಿಗೆ ಪರಿಹಾರ, 2ಕ್ಕೆ ಏರಿಸಿದರೆ ಶೂನ್ಯ-ಗದ್ದಲ ಎಕ್ಸ್‌ಟ್ರಾಪೊಲೇಶನ್ (2017ರ ಟೆಮ್ಮೆ, ಬ್ರಾವಿಯಿ, ಗ್ಯಾಂಬೆಟ್ಟಾ ಪ್ರಬಂಧದ್ದೇ). ಗೇಟುಗಳನ್ನು ಮಡಿಸಿ (ಗೇಟು, ಅದರ ವಿಲೋಮ, ಮತ್ತೆ ಗೇಟು) ಗದ್ದಲವನ್ನು 1, 3, 5 ಪಟ್ಟು ಮಾಡಿ ಅಳೆದು, ಆ ಬಿಂದುಗಳಿಗೆ ಗೆರೆ ಹೊಂದಿಸಿ ಶೂನ್ಯಕ್ಕೆ ಎಳೆಯುತ್ತದೆ. ಉದ್ದದ ಸರ್ಕ್ಯೂಟ್‌ನಲ್ಲಿ 3 ಮತ್ತು 5ರ ಬಿಂದುಗಳು ಆಗಲೇ ಬರೀ ಗದ್ದಲ. ಹೆಚ್ಚೆಂದರೆ 1 ಇರಬೇಕಾದ ಉತ್ತರ ಆಗ 1ನ್ನೂ ಮೀರಬಹುದು. ಸಮಯವೂ ಹಲವು ಪಟ್ಟು ಖರ್ಚು. ಸರ್ಕ್ಯೂಟನ್ನು ಮೊದಲು ‘ಏರ್’ ಎಂಬ ಸಿಮ್ಯುಲೇಟರ್‌ನ ನಕಲಿ ಚಿಪ್ ಮೇಲೆ ಪರೀಕ್ಷಿಸದೆ ಲೆವೆಲ್ 2 ಮುಟ್ಟುವುದು ಹತ್ತು ನಿಮಿಷವನ್ನು ನೀರಿಗೆ ಹಾಕಿದಂತೆ.

ಈ ಪ್ಲಾನ್‌ನಲ್ಲಿ ಸೆಶನ್ (ಸಾಲುಸಾಲು ಕೆಲಸಗಳಿಗೆ ಯಂತ್ರವನ್ನು ಕಾಯ್ದಿರಿಸುವ ಸೌಲಭ್ಯ) ಇಲ್ಲ, ಅದೇ ದೊಡ್ಡ ಕೊರತೆ. ವಿಕ್ಯೂಇ ತರಹದ, ಸುತ್ತು ಸುತ್ತಾಗಿ ಕನಿಷ್ಠ ಶಕ್ತಿಯನ್ನು ಹುಡುಕುವ ಲೆಕ್ಕದಲ್ಲಿ ಪ್ರತಿ ಸುತ್ತಿಗೂ ಹೊಸದಾಗಿ ಕ್ಯೂ ಹಿಡಿಯಬೇಕು, ಐವತ್ತು ಸುತ್ತಿಗೆ ಐವತ್ತು ಸಲ. ಇಂಥ ಕೆಲಸಕ್ಕೆ ಇದು ಸಾಲದು. 2025ರ ಫೆಬ್ರವರಿಯಲ್ಲಿ ಪಲ್ಸ್ ಮಟ್ಟದ ಹಿಡಿತವನ್ನೂ ತೆಗೆದರು. ಡ್ರ್ಯಾಗ್‌ನ ಬೀಟಾವನ್ನು (ಸೇರಿಸಿದ ಘಟಕದ ಪ್ರಮಾಣ) ಆಚೀಚೆ ಮಾಡಿ ಸೋರಿಕೆಯನ್ನು ನೋಡಬೇಕೆಂದರೆ ಈಗ ಸಿಮ್ಯುಲೇಟರೇ ಗತಿ.