ಬ್ರೇಕ್ ಒತ್ತಿದಾಗ ಸ್ಟೀರಿಂಗ್ ನಡುಗುತ್ತಾ? ಮೊದಲು ಬ್ರೇಕ್ ಡಿಸ್ಕ್ ಅಳೆಸಿ, ನನ್ನ ಹಾಗೆ ಮಂಗ ಆಗಬೇಡಿ

ಇದನ್ನ ಬರೆಯೋಕೆ ನಾಚಿಕೆ ಆಗ್ತಿದೆ. ನಾನು ಹೈಸ್ಕೂಲು ವಿಜ್ಞಾನ ಮೇಷ್ಟ್ರು. ಎಂಟನೇ ಕ್ಲಾಸಿಗೆ ಘರ್ಷಣೆ ಪಾಠ ಮಾಡೋನು. ಬ್ರೇಕ್ ವಿಷಯದಲ್ಲೇ ಟೋಪಿ ಹಾಕಿಸ್ಕೊಂಡು ಬಂದಿದ್ದೀನಿ, ಒಂದಲ್ಲ, ಎರಡು ಸಲ.

ಕಾರು ಹಳೇ ಸ್ವಿಫ್ಟ್. ಊರು ಮೂಡಿಗೆರೆ ಕಡೆ, ಹಾಗಾಗಿ ತಿಂಗಳಿಗೆ ಎರಡು ಸಲ ಚಾರ್ಮಾಡಿ ಇಳಿಯೋದು ಇದ್ದೇ ಇದೆ. ಒಂದು ದಿನ ಘಾಟಿ ಇಳಿದು ಉಜಿರೆ ದಾಟಿದ ಮೇಲೆ ಬ್ರೇಕ್ ಒತ್ತಿದೆ ನೋಡಿ, ಸ್ಟೀರಿಂಗ್ ಗಡಗಡ ಅಂತ ನಡುಗೋಕೆ ಶುರು. ಎಂಬತ್ತರಿಂದ ನಲವತ್ತಕ್ಕೆ ಇಳಿಯೋವರೆಗೂ ಜ್ವರ ಬಂದೋರ ಕೈ ಹಿಡ್ಕೊಂಡ ಹಾಗೆ. ಕಾಲು ತೆಗೆದ್ರೆ ಏನೂ ಇಲ್ಲ. ನೂರರಲ್ಲಿ ಹೋದ್ರೂ ಗಾಡಿ ನೀಟಾಗಿ ಹೋಗುತ್ತೆ. ಬ್ರೇಕ್ ಒತ್ತಿದಾಗ ಮಾತ್ರ.

ಈ 'ಮಾತ್ರ' ಅನ್ನೋದನ್ನ ಗ್ಯಾರೇಜಿನಲ್ಲಿ ನಾಲ್ಕು ಸಲ ಹೇಳಿದೆ ಮಾರಾಯ್ರೇ. ದೊಡ್ಡ ಬೋರ್ಡು, ಕೂರೋಕೆ ಎಸಿ ರೂಮು. ಪರೀಕ್ಷೆ ಮಾಡುವಾಗ ಅವರು ಚಕ್ರ ಬಿಚ್ಚಲೇ ಇಲ್ಲ. ಗಾಡಿ ಲಿಫ್ಟಿಗೆ ಏರಿಸಿ, ಚಕ್ರ ಒಂದ್ಸಲ ಅಲ್ಲಾಡಿಸಿ, 'ಲೋವರ್ ಆರ್ಮ್ ಹೋಗಿದೆ ಸಾರ್, ಎರಡೂ ಕಡೆ. ಟೈ ರಾಡ್ ಎಂಡೂ ಹಾಕ್ಬಿಡಣ' ಅಂದ್ರು. ಲೋವರ್ ಆರ್ಮ್ ಅಂದ್ರೆ ಚಕ್ರವನ್ನ ಗಾಡಿಯ ಅಡಿಗೆ ಹಿಡಿಯೋ ತೋಳು, ಟೈ ರಾಡ್ ಎಂಡ್ ಅಂದ್ರೆ ಸ್ಟೀರಿಂಗನ್ನ ಚಕ್ರಕ್ಕೆ ಸೇರಿಸೋ ಕೊಂಡಿ. ಲೋವರ್ ಆರ್ಮ್ 5,200, ಟೈ ರಾಡ್ ಎಂಡ್ 1,800, ಲಿಂಕ್ ರಾಡ್ 1,600, ಅಲೈನ್‌ಮೆಂಟ್ ಬ್ಯಾಲೆನ್ಸಿಂಗ್ ಸೇರಿ 1,100, ಲೇಬರ್ 3,500. ಒಟ್ಟು 13,200 ರೂಪಾಯಿ. ಹಳೇ ಪಾರ್ಟ್ ಕೊಡಿ ಅಂತ ಕೇಳಿದೆ, ಅಷ್ಟು ಬುದ್ಧಿ ಇತ್ತು. ಹುಡುಗ ಎರಡು ಆರ್ಮ್ ತಂದು ಡಿಕ್ಕಿಗೆ ಹಾಕಿದ. ನಾನು ಖುಷಿಯಾಗಿ ಅವನಿಗೆ ನೂರು ರೂಪಾಯಿ ಬೇರೆ ಕೊಟ್ಟೆ.

ಐದು ಕಿಲೋಮೀಟರ್ ಬಂದಿಲ್ಲ, ಎದುರಿಗೆ ದನ. ಬ್ರೇಕ್ ಒತ್ತಿದೆ. ಅದೇ ಗಡಗಡ.

ವಾಪಸ್ ಹೋದೆ. 'ಆರ್ಮಿನ ರಬ್ಬರ್ ಬುಷ್ ಹೊಸದಲ್ವಾ ಸಾರ್, ಐನೂರು ಕಿಲೋಮೀಟರ್ ಓಡ್ಲಿ, ಸೆಟ್ ಆಗುತ್ತೆ.' ಓಡಿಸಿದೆ! ಲೆಕ್ಕ ಇಟ್ಕೊಂಡು ಓಡಿಸಿದೆ. ಸೆಟ್ ಆಗಲಿಲ್ಲ. ಮತ್ತೆ ಹೋದ್ರೆ, 'ಸ್ಟೀರಿಂಗ್ ರ‍್ಯಾಕ್ ಹೋಗಿದೆ, ನಾನು ಅವತ್ತೇ ಹೇಳಿದ್ದೆ.' ಯಾವತ್ತು ಹೇಳಿದ್ರಿ ಅಂದೆ. 'ನಮ್ಮ ಹುಡುಗನ ಹತ್ರ ಹೇಳಿದ್ದೆ.' ಹುಡುಗನ ಹತ್ರ ಹೇಳಿದ್ರೆ ನನಗೆ ಹೇಳಿದ ಹಾಗಾ? ರ‍್ಯಾಕಿಗೆ ಹದಿನಾರು ಸಾವಿರ ಕೇಳಿದ್ರು. ಯೋಚನೆ ಮಾಡ್ತೀನಿ ಅಂತ ಬಂದೆ. ನಿಜ ಹೇಳ್ಬೇಕಂದ್ರೆ ಹಾಕಿಸೋಕೆ ತಯಾರಾಗೇ ಇದ್ದೆ, ಸಂಬಳ ಆಗಿರಲಿಲ್ಲ ಅಷ್ಟೆ.

ಆ ವಾರ ಹಾಸನದಲ್ಲಿ ಮದುವೆ. ಭಾವ ಅವರ ಪರಿಚಯದ ಮೆಕ್ಯಾನಿಕ್ ಹತ್ರ ಕರ್ಕೊಂಡು ಹೋದ್ರು. ತಗಡಿನ ಶೆಡ್ಡು, ವಯಸ್ಸಾದ ಸಾಬರು. ಅವರು ಕೇಳಿದ್ದು ಎರಡೇ ಪ್ರಶ್ನೆ. 'ಬ್ರೇಕ್ ಒತ್ತದೇ ಇದ್ರೂ ನಡುಗುತ್ತಾ ಮೇಷ್ಟ್ರೇ?' ಇಲ್ಲ. 'ನಡುಕ ಸೀಟಲ್ಲೋ, ಸ್ಟೀರಿಂಗಲ್ಲೋ?' ಸ್ಟೀರಿಂಗಲ್ಲಿ. 'ಹಂಗಾದ್ರೆ ಮುಂದಿನ ಡಿಸ್ಕು' ಅಂದ್ರು. ಅಂದ್ರೆ ಚಕ್ರದ ಜೊತೆ ತಿರುಗೋ, ಬ್ರೇಕ್ ಪ್ಯಾಡ್ ಎರಡೂ ಕಡೆಯಿಂದ ಹಿಡಿದು ನಿಲ್ಲಿಸೋ ತಟ್ಟೆ. ಚಕ್ರ ಬಿಚ್ಚಿದ್ರು. ಬಿಚ್ಚಿದ ನಟ್ಟನ್ನೇ ತಿರುಗಿಸಿ ಹಾಕಿ ಡಿಸ್ಕನ್ನ ಹಬ್ಬಿಗೆ (ಚಕ್ರ ಕೂರೋ ಭಾಗಕ್ಕೆ) ಬಿಗಿ ಮಾಡಿ, ಮ್ಯಾಗ್ನೆಟ್ ಸ್ಟ್ಯಾಂಡಿನ ಡಯಲ್ ಗೇಜ್ (ಓಲಾಟ ಅಳೆಯೋ, ಗಡಿಯಾರದಂಥ ಮುಳ್ಳಿನ ಮೀಟರ್) ಕೂರಿಸಿ, ಡಿಸ್ಕನ್ನ ಕೈಯಲ್ಲೇ ನಿಧಾನ ತಿರುಗಿಸಿದ್ರು. ಮುಳ್ಳು ಅತ್ತಿಂದಿತ್ತ ಆಡ್ತಾನೇ ಇತ್ತು. 'ಐದು ಗೆರೆ ದಾಟಬಾರದು, ಹದಿನೈದು ಆಡ್ತಿದೆ ನೋಡಿ.' ಐದು ಗೆರೆ ಅಂದ್ರೆ 0.05 ಮಿಲಿಮೀಟರ್. ನನ್ನದು 0.15. ಒಂದೆರಡು ಕೂದಲೆಳೆಯಷ್ಟು, ಅಷ್ಟಕ್ಕೇ ಈ ರಾದ್ಧಾಂತ! ಡಿಸ್ಕ್ ಹೀಗೆ ಓಲಾಡ್ತಾ ತಿರುಗಿದ್ರೆ ಪ್ಯಾಡಿಗೆ ಸವರಿ ಸವರಿ ಒಂದು ಕಡೆ ತೆಳ್ಳಗಾಗುತ್ತಂತೆ. ದಪ್ಪದ ಜಾಗ ಬಂದಾಗ ಪ್ಯಾಡ್ ಕಚ್ಚುತ್ತೆ, ತೆಳುವಿಗೆ ಬಿಡುತ್ತೆ, ಆ ಕಚ್ಚೋದು ಬಿಡೋದೇ ಕೈಗೆ ಬರೋ ನಡುಕ. ಜೊತೆಗೆ ಎಡಗಡೆ ಕ್ಯಾಲಿಪರ್ (ಪ್ಯಾಡನ್ನ ಡಿಸ್ಕಿಗೆ ಒತ್ತೋ ಹಿಡಿ) ಪಿನ್ನು ಗ್ರೀಸ್ ಒಣಗಿ ಹಿಡ್ಕೊಂಡಿತ್ತು. ಲೇತಿಗೆ ಕೊಟ್ಟು ಸಮ ಮಾಡಿಸಬಹುದಾ ಅಂದೆ. ಡಿಸ್ಕ್ ಮೇಲೇ ಕೆತ್ತಿರೋ ಕನಿಷ್ಠ ದಪ್ಪ ತೋರಿಸಿ, ಮೈಕ್ರೋಮೀಟರ್ ಇಟ್ಟು, 'ಈಗಲೇ ಗಡಿಗೆ ಬಂದಿದೆ, ಬೇಡ' ಅಂದ್ರು.

ಇನ್ನು ಅಸಲಿ ವಿಷಯ. ಡಿಕ್ಕಿಯಲ್ಲಿದ್ದ ಹಳೇ ಆರ್ಮ್ ಎರಡನ್ನೂ ತೋರಿಸಿದೆ. ಸಾಬರು ಅಕ್ಕಪಕ್ಕ ಇಟ್ಟು ನೋಡಿ ನಕ್ಕುಬಿಟ್ರು. 'ನಿಮ್ಮ ಕಾರಿಗೆ ಎರಡೂ ಎಡಗಾಲೇ ಇತ್ತಾ ಮೇಷ್ಟ್ರೇ?' ಎಡದ್ದು ಬಲದ್ದು ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ ಇರಬೇಕು. ನನ್ನ ಹತ್ರ ಇದ್ದಿದ್ದು ಎರಡೂ ಎಡದ್ದೇ! ಗಾಡಿ ಕೆಳಗೆ ಬಗ್ಗಿ ಬಲಗಡೆ 'ಹೊಸ' ಆರ್ಮನ್ನ ಸ್ಕ್ರೂಡ್ರೈವರಲ್ಲಿ ಕೆರೆದ್ರು. ಕಪ್ಪು ಪೇಂಟು ಸಿಪ್ಪೆ ಹಾಗೆ ಎದ್ದು ಬಂತು, ಒಳಗೆ ನಮ್ಮೂರಿನ ಕೆಂಪು ಮಣ್ಣು. ತೊಳೆಯೋ ಪುರುಸೊತ್ತೂ ಇಲ್ಲದೆ ಮಣ್ಣಿನ ಮೇಲೇ ಪೇಂಟ್ ಹೊಡೆದಿದ್ದಾರೆ. ಭಾವ ಪಕ್ಕದಲ್ಲೇ ನಿಂತಿದ್ರು. ಇನ್ನು ಪ್ರತಿ ಮದುವೆಯಲ್ಲೂ ಈ ಕಥೆ ಹೇಳ್ತಾರೆ.

ಹೊಸ ಡಿಸ್ಕ್ ಜೋಡಿ 4,200, ಪ್ಯಾಡ್ 1,700, ಮಜೂರಿ 900. ಒಟ್ಟು 6,800. ಹಬ್ ಮುಖದ ತುಕ್ಕನ್ನ ತಂತಿ ಬ್ರಷ್ಷಲ್ಲಿ ತಿಕ್ಕಿದ್ರು, ನಟ್ಟುಗಳನ್ನ ಎದುರು ಬದುರಾಗಿ ಟಾರ್ಕ್ ರೆಂಚಲ್ಲೇ (ಎಷ್ಟು ಬೇಕೋ ಅಷ್ಟೇ ಬಿಗಿಯೋ ಸ್ಪ್ಯಾನರ್) ಬಿಗಿ ಮಾಡಿದ್ರು. ಆ ಎಸಿ ಗ್ಯಾರೇಜಿನ ಹುಡುಗ ನಟ್ಟು ಬಿಗಿಯೋ ಗನ್ ಹಿಡ್ಕೊಂಡು ಟರ್ ಟರ್ ಅಂತ ಸಾಲಾಗಿ ಬಿಗಿದಿದ್ದ, ಹಾಗೆ ಮಾಡಿದ್ರೂ ಡಿಸ್ಕ್ ಓರೆ ಕೂರಬಹುದಂತೆ. ನಡುಕ ಪೂರ್ತಿ ಹೋಯ್ತು. ಹೊಸ ಡಿಸ್ಕ್ ಅಂತ ಮೊದಲ ಇನ್ನೂರು ಕಿಲೋಮೀಟರ್ ಜೋರಾಗಿ ಬ್ರೇಕ್ ಒತ್ತಬೇಡಿ ಅಂದ್ರು. ನನಗೂ ಬೈಗುಳ ಬಿತ್ತು, ಚಾರ್ಮಾಡೀನ ಎರಡನೇ ಗೇರಲ್ಲಿ ಇಳಿಯೋದು ಬಿಟ್ಟು ಬ್ರೇಕ್ ಮೇಲೇ ಕಾಲಿಟ್ಕೊಂಡು ಇಳಿತಿದ್ದೆ. ಅದು ನನ್ನ ತಪ್ಪೇ, ಒಪ್ಕೊಂಡೆ.

ನೀವು ಹೋದಾಗ ಡಯಲ್ ಗೇಜ್ ಇದೆಯಾ ಅಂತ ಮೊದಲು ಕೇಳಿ. ಇಲ್ಲ ಅಂದ್ರೆ ಬಾನೆಟ್ಟೂ ತೆಗೆಯೋಕೆ ಬಿಡಬೇಡಿ. ಬ್ರೇಕ್ ಒತ್ತದೇ ಬರೀ ಸ್ಪೀಡಲ್ಲಿ ನಡುಗಿದ್ರೆ ಸಾಮಾನ್ಯವಾಗಿ ಚಕ್ರದ ಬ್ಯಾಲೆನ್ಸಿಂಗ್ ಸಮಸ್ಯೆ, ಅದು ಬೇರೆ ಕಥೆ. ಹಳೇ ಪಾರ್ಟ್ ಕೇಳಿದ್ರೆ ಸಾಲದು, ಬಿಚ್ಚುವಾಗ ಪಕ್ಕದಲ್ಲಿ ನಿಂತ್ಕೊಳ್ಳಿ. ಎಸಿ ರೂಮಲ್ಲಿ ಕೂರಬೇಡಿ.

ಗ್ಯಾರೇಜಿಗೆ ಫೋನ್ ಮಾಡಿ ಎರಡು ಎಡಗಾಲಿನ ವಿಷಯ ಕೇಳಿದೆ. 'ಹುಡುಗ ಮಿಸ್ಟೇಕ್ ಮಾಡಿರ್ತಾನೆ ಸಾರ್, ಬನ್ನಿ, ಕಾಫಿ ಕುಡ್ಕೊಂಡು ಮಾತಾಡಣ.' ಪೇಂಟ್ ಯಾರು ಹೊಡೆದಿದ್ದು ಅಂದೆ. ಫೋನ್ ಕಟ್. ಆಮೇಲೆ ಎತ್ತಿಲ್ಲ. ಬಿಲ್ಲು, ಫೋಟೋ ಎಲ್ಲ ಇಟ್ಕೊಂಡಿದ್ದೀನಿ. ಎರಡು ಎಡಗಡೆ ಆರ್ಮೂ ನಮ್ಮ ಜಗಲಿ ಮೇಲೇ ಬಿದ್ದಿವೆ. ಅದರಲ್ಲಿ ಒಂದು ಯಾರದೋ ಕಾರಿಂದು. ಅವರಿಗೂ ನಡುಕ ಹೋಗಿರಲ್ಲ.