ಬೆಂಗಳೂರಿನ ಎಸ್‌ಪಿ ರೋಡ್ ಗಲ್ಲಿ ಅಂಗಡೀಲಿ ಅಪ್ಪನ ಹಳೇ ಲ್ಯಾಪ್‌ಟಾಪ್ ರಿಪೇರಿ - 4 ಸ್ಟಾರ್

ಅಪ್ಪನ ಕೋರ್ 2 ಡ್ಯುಯೋ (ಇಂಟೆಲ್‌ನ ಹಳೇ ಪ್ರೊಸೆಸರ್) ಲ್ಯಾಪ್‌ಟಾಪ್ ತಗೊಂಡ್ಹೋಗಿದ್ದೆ, ಮೊದಲ್ನೇ ಅಂಗಡಿಯವ್ರು ಆನ್ ಕೂಡ ಮಾಡ್ದೆ "ಗುಜರಿಗೆ ಹಾಕಿ ಸಾರ್" ಅಂದ್ಬಿಟ್ರು. ಆಮೇಲೆ ಒಳಗಡೆ ಗಲ್ಲೀಲಿ ಈ ಸಣ್ಣ ಅಂಗಡಿ ಸಿಕ್ತು. ಹುಡುಗ ಕಂಪ್ಯೂಟರ್ ಐಕಾನ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೋರಿಸ್ದ, "ನೋಡಿ ಸಾರ್, ರ‍್ಯಾಮ್ 4 ಜಿಬಿ ಇದೆ, ಯೂಸ್ ಆಗ್ತಿರೋದು 3 ಚಿಲ್ರೆ, ಪ್ರೊಸೆಸರ್ 64 ಬಿಟ್, ಯಾರೋ 32 ಬಿಟ್ ವಿಂಡೋಸ್ 7 ಹಾಕಿದಾರೆ, ಅದು ಪೂರ್ತಿ 4 ಜಿಬಿ ಬಳಸ್ಕೊಳಲ್ಲ" ಅಂದ. ಇಷ್ಟ್ ವರ್ಷ ನಮ್ಗೆ ಗೊತ್ತೇ ಇರ್ಲಿಲ್ಲ!

ಸಿ ಡ್ರೈವ್ ಫುಲ್ ಆಗಿದೆ ಅಂತ ನಾನು ಸಿಸ್ಟಮ್32 (ವಿಂಡೋಸ್ ನಡೆಯಕ್ಕೆ ಬೇಕಾದ ಫೈಲ್‌ಗಳಿರೋ) ಫೋಲ್ಡರ್ ಡಿಲೀಟ್ ಮಾಡೋಣ ಅಂತಿದ್ದೆ, ಅಂವ ನಕ್ಕು "ಅದು ಹೋದ್ರೆ ಮಷಿನ್ನೇ ಏಳಲ್ಲ, ಡೌನ್‌ಲೋಡ್ಸ್ ನೋಡಿ ಮೊದ್ಲು" ಅಂದ. ತೆಗೆದ್ರೆ ಒಂದೇ ಕರೆಂಟ್ ಬಿಲ್ಲು ಹನ್ನೊಂದ್ ಸಲ, ಕೊನೇಲಿ 1, 2, 3 ಅಂತ ನಂಬರ್ ಹಾಕ್ಕೊಂಡು ಕೂತಿದೆ (ಅಪ್ಪಂಗೆ ಹೇಳಿದ್ರೆ "ಬೇಕಾಗತ್ತೆ ಇರ್ಲಿ" ಅಂತಾರೆ).

ವಿಂಡೋಸ್ 7 ಸಪೋರ್ಟ್ 2020ರಲ್ಲೇ ನಿಂತೋಗಿದೆ ಅಂತ ಅದ್ರ ಬದ್ಲು 64 ಬಿಟ್ ಲಿನಕ್ಸ್ ಮಿಂಟ್ (ಫ್ರೀ ಆಪರೇಟಿಂಗ್ ಸಿಸ್ಟಮ್) ಹಾಕ್ಸಿದ್ವಿ, ಜೊತೆಗೆ ಒಂದು ಎಸ್‌ಎಸ್‌ಡಿ (ಹಾರ್ಡ್ ಡಿಸ್ಕ್‌ಗಿಂತ ಫಾಸ್ಟ್ ಆಗಿರೋ ಡ್ರೈವ್). ಈಗ ಪೂರ್ತಿ 4 ಜಿಬಿ ಸಿಗ್ತಿದೆ. ಒಂದು ಫೈಲ್ ಹೆಸರಲ್ಲಿ ಎಎಮ್‌ಡಿ64 ಅಂತಿತ್ತು, ಎಎಮ್‌ಡಿ ಬೇರೆ ಪ್ರೊಸೆಸರ್ ಕಂಪನಿ, ನಮ್ದು ಇಂಟೆಲ್ ಅಲ್ವಾ ಅಂತ ಗಾಬರಿಯಾದೆ, ಅದಕ್ಕೆ ಹುಡುಗ, ಆ 64 ಬಿಟ್ ಡಿಸೈನ್ ಎಎಮ್‌ಡಿಯವ್ರದ್ದೇ, ಇಂಟೆಲ್ಲೂ ಅದನ್ನೇ ತಗೊಂಡಿದಾರೆ ಅದಕ್ಕೆ ಆ ಹೆಸ್ರು, ಧೈರ್ಯವಾಗಿ ಹಾಕಿ ಅಂದ.

ಒಂದ್ ಸ್ಟಾರ್ ಕಟ್ ಮಾಡಿದ್ದು ಬಿಲ್ ಕೊಡ್ದೇ ಇದ್ದಿದ್ದಕ್ಕೆ, ಪಾರ್ಕಿಂಗ್ ಅಂತೂ ಕೇಳ್ಲೇಬೇಡಿ, ಮೆಟ್ರೋದಲ್ಲಿ ಹೋಗಿ.